ಬಣ್ಣದ ಪಿನ್ನು

ಮದುವೆಯ ವಿಡಿಯೋ ತೆಗೆಯುವವನಿಗೆ ಹೊತ್ತಿಗೆ ಸರಿಯಾಗಿ ಊಟ ಸಿಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಬರಬರುತ್ತ ಅವನಿಗೆ ಎಡ ಯಾವುದು, ಬಲ ಯಾವುದು ಎಂಬುದೂ ಮರೆತುಹೋಗುತ್ತದೆ ಎಂಬುದು ಬಹುಶಃ ನನಗೊಬ್ಬನಿಗೇ ಗೊತ್ತು. ರೋಣದಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದ ನಾನು, ಸಿಡಿಗಳು ಹೊಸದಾಗಿ ಬಂದ ಆ ಕಾಲದಲ್ಲಿ, ಹುಬ್ಬಳ್ಳಿಯಿಂದ ಅಂಗೈಯಗಲದ ಒಂದು ಬೋರ್ಡು ತಂದಿದ್ದೆ. ಕ್ಯಾಮೆರಾದ ವೈರನ್ನು ಅದಕ್ಕೆ ಕೊಟ್ಟರೆ ಚಿತ್ರವನ್ನು ರೆಕಾರ್ಡು ಮಾಡಿಕೊಳ್ಳುತ್ತಿತ್ತು, ಟಿವಿಯಲ್ಲೂ ತೋರಿಸುತ್ತಿತ್ತು. ವೈರು ಕೊಡುವ ಜಾಗದಲ್ಲಿ ನಾಲ್ಕು ಪಿನ್ನುಗಳು: ಒಂದು ಬೆಳಕಿಗೆ, ಒಂದು ಬಣ್ಣಕ್ಕೆ, ಉಳಿದೆರಡು ಅರ್ಥಿಂಗಿಗೆ. ಜೊತೆಗೆ ಬಂದ ಕಾಗದದಲ್ಲಿ ಅವಕ್ಕೆ ಅಚ್ಚುಕಟ್ಟಾಗಿ ನಂಬರು ಹಾಕಿದ್ದರು. ಆ ಚಿತ್ರವನ್ನು ಮುಂದಿನಿಂದ ನೋಡಬೇಕೋ ಹಿಂದಿನಿಂದ ನೋಡಬೇಕೋ ಎಂಬುದನ್ನು ಮಾತ್ರ ಬರೆದಿರಲಿಲ್ಲ. ನಾನು ಬನಿಯನ್ನು ಹಿಂದುಮುಂದಾಗಿ ಹಾಕಿಕೊಂಡು ಹೊರಟಾಗಲೆಲ್ಲ ಬಾಗಿಲಲ್ಲೇ ತಡೆಯುವ ನನ್ನ ಹೆಂಡತಿ, "ಇಂಥಾದ್ದನ್ನ ನಿಮ್ಮ ಕೈಯಾಗ ಕೊಟ್ಟಾರಲ್ರಿ!" ಎಂದು ನಿಟ್ಟುಸಿರು ಬಿಟ್ಟಳು.

ಬೋರ್ಡಿನ ಮೊದಲ ಪರೀಕ್ಷೆ ನಡೆದದ್ದು ಗಜೇಂದ್ರಗಡದ ಬಟ್ಟೆ ವ್ಯಾಪಾರಿ ಮಾಬುಸಾಬರ ಮನೆಯಲ್ಲಿ, ಅವರ ಮಗಳು ರೇಷ್ಮಾಳ ನಿಕಾಹ್ ದಿನ. ಮದುಮಗಳು ಮಾಳಿಗೆಯ ಮೇಲೆ ಹೆಂಗಸರ ಕೋಣೆಯಲ್ಲಿ. ಅವಳ ಅಜ್ಜಿ ಹುಸೇನಬಿ ಮೊಣಕಾಲು ನೋವಿನಿಂದ ಕೆಳಗೆ ಮಂಚದ ಮೇಲೆ. "ಹುಡುಗಿ ಹೂಂ ಅನ್ನೂದನ್ನ ನಾ ಕಣ್ಣಾರೆ ನೋಡಬೇಕಪಾ. ತಾಯಿಲ್ಲದ ಕೂಸನ್ನ ನಾನ ಬೆಳಸೇನಿ" ಎಂದು ಅಜ್ಜಿ ನನ್ನ ಕೈ ಹಿಡಿದರು. "ಟಿವ್ಯಾಗ ತೋರಸ್ತೇನ್ರಿ ಅಮ್ಮಾರ, ಭಾಳ ಕೆಲಸೇನಿಲ್ಲ" ಎಂದುಬಿಟ್ಟೆ. ಹೆಂಗಸರ ನಡುವೆ ಕ್ಯಾಮೆರಾ ಹಿಡಿಯುವುದು ಹೆಂಡತಿಯ ಪಾಲಿಗೆ. ಕೆಳಗೆ ಟಿವಿಯ ಹಿಂದೆ ಕೂತು ಬೆವರುವುದು ನನ್ನ ಪಾಲಿಗೆ.

ಕಾಗದವನ್ನು ಮುಂದಿನಿಂದ ನೋಡಿ ವೈರು ಕೂಡಿಸಿದೆ. ಬರೀ ಗೆರೆ. ಹಿಂದಿನಿಂದ ನೋಡಿ ಬದಲಿಸಿದೆ. ರೇಷ್ಮಾ ಕಾಣಿಸಿದಳು, ಆದರೆ ಕಪ್ಪು-ಬಿಳುಪಿನಲ್ಲಿ. ಅಜ್ಜಿಯ ಮುಖ ಅರಳಿತು, ಮರುಕ್ಷಣವೇ ಬಿಗಿಯಿತು.

"ಅಕಿಗೆ ಕರೀ ಅರಬಿ ಯಾರ ಉಡಿಸ್ಯಾರ? ಕೆಂಪ ಬಣ್ಣ ನಾನ ಆರಿಸಿ ಕೊಟ್ಟೇನಿ!"

"ಕೆಂಪ ಅರಬೀನ ಐತ್ರಿ ಅಮ್ಮಾರ. ಬಣ್ಣದ ಪಿನ್ನ ಕೂಡವಲ್ದು."

"ನಿನ್ನ ಪಿನ್ನ ತಗೊಂಡ ಏನ ಮಾಡ್ಲಿ? ಮಾಬೂ, ಆ ಅರಬಿ ಬದಲಿ ಮಾಡಸು. ಇಲ್ಲಂದ್ರ ನಾ ಈ ಮದುವಿ ನೋಡಂಗಿಲ್ಲ!" ಎಂದು ಅಜ್ಜಿ ಗೋಡೆಯ ಕಡೆ ಹೊರಳಿದರು.

ಮಾಬುಸಾಬರು ಟಿವಿಯನ್ನೂ ನನ್ನನ್ನೂ ಒಂದೇ ದೃಷ್ಟಿಯಿಂದ ನೋಡಿ ಮಾಳಿಗೆ ಹತ್ತಿದರು. ಒಪ್ಪಿಗೆ ಕೇಳಲು ಬಂದ ಹಿರಿಯರು ಅಲ್ಲಿ ಕಾಯುತ್ತಿದ್ದರು. ಒಂದು ಪಿನ್ನಿಗಾಗಿ ಒಂದು ನಿಕಾಹ್ ನಿಂತಿತ್ತು. ಆ ಹೊತ್ತಿನಲ್ಲಿ ನನಗೆ ಭಯವೂ ಆಗಲಿಲ್ಲ; ಅಲ್ಲೇ ಟಿವಿಯ ಹಿಂದೆ ಒರಗಿ ಒಂದು ನಿದ್ದೆ ತೆಗೆದರೆ ಹೇಗೆ ಎನಿಸಿತು. ಆದರೂ ಚಿಮಟ ಹಿಡಿದು ಬಗ್ಗಿದೆ. ಬಣ್ಣದ ವೈರು ಪಿನ್ನಿಗೆ ತಾಗಿದಂತೆ ಕಾಣುತ್ತಿತ್ತಷ್ಟೇ, ತಾಗಿರಲಿಲ್ಲ.

ಮೆಟ್ಟಿಲ ಮೇಲೆ ಬಳೆಗಳ ಸದ್ದಾಯಿತು. ರೇಷ್ಮಾಳೇ ಇಳಿದು ಬಂದಿದ್ದಳು. ಮಂಚದ ಅಂಚಿಗೆ ಕೂತು ಅಜ್ಜಿಯ ಕೈಯನ್ನು ತನ್ನ ಸೆರಗಿನ ಮೇಲಿಟ್ಟುಕೊಂಡಳು. "ನೋಡ ದಾದಿಮಾ, ನೀ ಕೊಟ್ಟಿದ್ದ ಕೆಂಪ." ಅಜ್ಜಿ ಬಟ್ಟೆಯನ್ನು ಸವರಿದರು, ಮೊಮ್ಮಗಳ ಗದ್ದವನ್ನೂ ಸವರಿದರು. ಹಿಂದೆಯೇ ಬಂದ ಹಿರಿಯರು ಒಪ್ಪಿಗೆಯನ್ನು ಅಲ್ಲೇ ಕೇಳಿದರು. ರೇಷ್ಮಾ ಅಜ್ಜಿಯ ಮಡಿಲಲ್ಲಿ ಮುಖವಿಟ್ಟು "ಹೂಂ" ಎಂದಳು.

ಸರಿಯಾಗಿ ಆಗಲೇ ನನ್ನ ವೈರು ಕೂತಿತು. "ಬಂತು! ಬಣ್ಣ ಬಂತ್ರಿ!" ಎಂದು ಕೂಗುತ್ತ ಮುಂದೆ ಬಂದೆ. ಮಾಳಿಗೆಯ ಖಾಲಿ ಗಾದಿಯೊಂದು ಟಿವಿಯಲ್ಲಿ ಕೆಂಪಗೆ ಹೊಳೆಯುತ್ತಿತ್ತು. ಯಾರೂ ತಿರುಗಲಿಲ್ಲ; ಎಲ್ಲರ ಕಣ್ಣುಗಳೂ ಮಂಚದಿಂದ ಎದ್ದು ಮೆಟ್ಟಿಲ ಕಡೆ ಹೊರಟ ರೇಷ್ಮಾಳ ಮೇಲಿದ್ದವು, ನಡುವೆ ಅಡ್ಡವಾಗಿ ನಾನು. ಕಡೆಗೆ ಹುಸೇನಬಿಯೇ ಕಣ್ಣೊರೆಸಿಕೊಂಡು ನನ್ನತ್ತ ನೋಡಿದರು.

"ಹೌದಪಾ, ಭಾಳ ಚಲೋ ಬಂತು. ಈಗ ಒಂದೀಟ ಆ ಕಡೆ ಸರಿ, ಹುಡುಗಿ ಕಾಣವಲ್ಲಳು."