ಶೇಖವ್ವನ ಮೊಳ ಮತ್ತು ದೇವರ ಗುಡಾರ

ನನ್ನ ಕೈ ಉದ್ದವಾಗಿರುವುದು ನನ್ನ ತಪ್ಪಲ್ಲ. ಬಡಿಗತನಕ್ಕೆ ಅದರಿಂದ ಅನುಕೂಲವೇ. ಏಣಿ ಹತ್ತದೆ ತೊಲೆ ಮುಟ್ಟುತ್ತೇನೆ. ಆದರೆ ಇದೇ ಕೈಯ ದೆಸೆಯಿಂದ ಈಗ ಎಲ್ಲಿ ಕುಳಿತಿದ್ದೇನೆಂದು ಹೇಳಿದರೆ ನೀವು ನಗುತ್ತೀರಿ. ಮೊದಲಿನಿಂದಲೇ ಹೇಳುತ್ತೇನೆ.

ನನ್ನ ಹೆಂಡತಿ ಶೇಖವ್ವನ ಹೆರಿಗೆ ಕಷ್ಟವಾದಾಗ ಮಳೆಯಲ್ಲಿ ಕೆಸರು ತುಳಿಯುತ್ತ ಬಂದು ತಾಯಿ-ಮಗಳಿಬ್ಬರನ್ನೂ ಉಳಿಸಿಕೊಟ್ಟವರು ನರ್ಸ್ ಮಾರ್ಥಾಬಾಯಿ. ಏನು ಕೊಡಹೋದರೂ ಒಲ್ಲೆ ಎಂದರು. ಆ ಋಣ ನನ್ನ ಎದೆಯ ಮೇಲೆ ಕುಳಿತೇ ಇತ್ತು. ಎಪ್ಪತ್ತೊಂಬತ್ತರಲ್ಲಿ ಅವರಿಗೆ ಶಿರಸಿಗೆ ವರ್ಗವಾಯಿತು. ಹೋಗುವ ಮುಂಚೆ ಒಂದು ಆಸೆ ಹೇಳಿದರು: ಅವರ ದೇವರು ಮೋಶೆಯ ಕೈಯಲ್ಲಿ ಕಟ್ಟಿಸಿದ ಗುಡಾರದ ಒಳಕೋಣೆಯನ್ನು ಕ್ರಿಸ್‌ಮಸ್ಸಿಗೆ ನಮ್ಮ ಹಾನಗಲ್ಲಿನ ಪ್ರಾರ್ಥನಾಮಂದಿರದ ಅಂಗಳದಲ್ಲಿ ನಿಲ್ಲಿಸಬೇಕು. ಮಾತು ಮುಗಿಯುವ ಮೊದಲೇ ಒಪ್ಪಿಕೊಂಡೆ.

ಅವರು ಗ್ರಂಥ ತೆರೆದು ಅಳತೆ ಓದಿ ವಿವರಿಸಿದರು. ದೇವರೆಂದರೆ ಹೀಗಿರಬೇಕು! ನಮ್ಮೂರ ಸಾಹುಕಾರರು ‘ಒಂದು ಕಪಾಟು ಮಾಡು’ ಎಂದಷ್ಟೇ ಹೇಳಿ, ಆಮೇಲೆ ತಕರಾರು ತೆಗೆಯುತ್ತಾರೆ. ಇಲ್ಲಿ ಹಾಗಲ್ಲ. ಒಳಕೋಣೆ ಉದ್ದ, ಅಗಲ, ಎತ್ತರ ಹತ್ತತ್ತು ಮೊಳ. ಒಳಗಿಡುವ ಮಂಜೂಷವೆಂಬ ಪವಿತ್ರ ಪೆಟ್ಟಿಗೆ ಎರಡೂವರೆ ಮೊಳ ಉದ್ದ, ಒಂದೂವರೆ ಅಗಲ, ಒಂದೂವರೆ ಎತ್ತರ; ಹೊರಲು ಬಳೆ, ಬಳೆಗೆ ಕೋಲು. ಮರ ಯಾವುದು? ಜಾಲಿ! ತೇಗವಲ್ಲ, ಬೀಟೆಯಲ್ಲ, ನಮ್ಮ ಹೊಲದ ಬದುವಿನಲ್ಲಿ ಕಾಲಿಗೆ ಮುಳ್ಳು ಚುಚ್ಚುವ ಜಾಲಿ. ಬಡವರ ಕಷ್ಟ ಬಲ್ಲ ದೇವರು ಎಂದು ಕೈಮುಗಿದೆ. (ಪೆಟ್ಟಿಗೆಗೆ ಚಿನ್ನ ಹೊದಿಸಬೇಕೆಂದೂ ಇತ್ತು. ಹಳದಿ ಬಣ್ಣ ಬಳಿದೆ.)

ನನ್ನ ಮೊಣಕೈಯಿಂದ ಬೆರಳತುದಿಯವರೆಗೆ ಅಳೆದು ಬಿದಿರು ನಿಲ್ಲಿಸಿ, ಮೂರು ಕಡೆ ತಟ್ಟಿಯ ಗೋಡೆ ಕಟ್ಟಿದೆ. ಮುಂಭಾಗಕ್ಕೆ ನೀಲಿ, ನೇರಳೆ, ಕೆಂಪಿನ ಪರದೆ ಬೇಕಿತ್ತು.

“ಅರಿವಿ ಅಳಿಯೂದು ನನಗ ಬಿಡ್ರಿ. ಮೊಳಾ ಹಾಕೂದ್ರಾಗ ನನ್ನ ಮುಂದ ಯಾರದಾರ?” ಎಂದಳು ಶೇಖವ್ವ.

ನಿಜವೇ. ಅವಳು ಬಸ್ ಸ್ಟ್ಯಾಂಡಿನಲ್ಲಿ ಹೂವು ಮಾರುವವಳು. ದೇವರು ಅವಳಿಗೆ ಗಿಡ್ಡ ಕೈ ಕೊಟ್ಟಿದ್ದಾನೆ. ವ್ಯಾಪಾರದ ಹೊತ್ತಿನಲ್ಲಿ ಅವಳು ಅದನ್ನು ಇನ್ನಷ್ಟು ಮಡಚುತ್ತಾಳೆ. (ಇದನ್ನು ಅವಳ ಮುಂದೆ ನಾನು ಹೇಳಿಲ್ಲ.) ಅವಳು ಅಳೆದುಕೊಟ್ಟ ಬಟ್ಟೆಯನ್ನು ದರ್ಜಿ ಹುಸೇನಸಾಬ ಚಂದವಾಗಿ ಹೊಲಿದ.

ಕ್ರಿಸ್‌ಮಸ್ ಬೆಳಿಗ್ಗೆ ಪರದೆ ಕಟ್ಟಿದೆವು. ಕೆಳಗೆ ಕಂಡ ಸಂದಿಗೆ ಚಾಪೆ ಅಡ್ಡವಿಟ್ಟೆ. ಪಕ್ಕದಲ್ಲಿ ಮಾತ್ರ ಪರದೆ ಸಾಲದೆ ಒಂದು ಎಮ್ಮೆಕರು ಆರಾಮಾಗಿ ನುಗ್ಗುವಷ್ಟು ಬಾಯಿ ಬಿಟ್ಟಿತ್ತು. ವರ್ಷಕ್ಕೊಮ್ಮೆ ಮಹಾಯಾಜಕನೊಬ್ಬನೇ ಕಾಣಬೇಕಾದ ಮಂಜೂಷ ಹಾದಿಯಲ್ಲಿ ಹೋಗುವವರಿಗೆಲ್ಲ ಹಳದಿ ದರ್ಶನ ಕೊಡುತ್ತಿತ್ತು. ಮಾರ್ಥಾಬಾಯಿಯವರ ಮುಖ ಬಾಡಿತು. ನಾನು ಶೇಖವ್ವನ ಕಡೆ ತಿರುಗಿದೆ.

“ನಿನ್ನ ಮೊಳ ಗಿಡ್ಡ ಐತಿ,” ಎಂದೆ.

“ನಿಮ್ಮ ಕೈ ಉದ್ದ ಐತಿ. ಯಾರ ಮೊಳ ಅಂತ ದೇವರು ಹೇಳ್ಯಾನೇನು? ಅಕ್ಕಾರನ್ನ ಕೇಳ್ರಿ.”

ಯಾರದೆಂದು ಬರೆದಿಲ್ಲ ಎಂದು ಮಾರ್ಥಾಬಾಯಿ ಒಪ್ಪಿದರು. ನೆರೆದಿದ್ದ ಹೆಂಗಸರು ಸುಮ್ಮನಿರಬೇಕಲ್ಲ? ನಮ್ಮಿಬ್ಬರ ಕೈಗಳನ್ನು ಜೋಡಿಸಿ ಹಿಡಿಸಿದರು. ಅವಳದು ಎದ್ದು ಕಾಣುವಷ್ಟು ಗಿಡ್ಡ. ಎಲ್ಲರೂ ಶೇಖವ್ವನ ಗಿರಾಕಿಗಳೇ. ಒಬ್ಬೊಬ್ಬರೂ ತಮ್ಮ ತುರುಬಿನ ಹೂವು ಮುಟ್ಟಿ ನೋಡಿಕೊಂಡರು.

ಇನ್ನು ನನ್ನ ಗತಿ ಮುಗಿಯಿತು ಅಂದುಕೊಂಡೆ. ಶೇಖವ್ವ ಜಗಳವಾಡಲಿಲ್ಲ. ಮನೆಗೆ ಹೋಗಿ, ಅಂದು ಮಾರಲು ಕಟ್ಟಿಟ್ಟಿದ್ದ ಸೇವಂತಿಗೆ, ಅಬ್ಬಲಿಗೆಯ ಬುಟ್ಟಿಯನ್ನೇ ಹೊತ್ತು ತಂದಳು. ಸಂದಿ ಮುಚ್ಚುವ ತನಕ ಮೇಲಿನಿಂದ ಕೆಳಗೆ ಮಾಲೆ ಇಳಿಬಿಟ್ಟಳು. ಇವತ್ತಿನ ವ್ಯಾಪಾರ ಹೇಗೆ ಎಂದು ಬಾಯಿ ತೆರೆದೆ.

“ನಾನೂ ನನ್ನ ಮಗಳೂ ಜೀವಂತ ಇರೂದು ಈ ತಾಯಿಯಿಂದ. ಒಂದಿನದ ಹೂವಿನ ಮಾತ ಆಡಬ್ಯಾಡ್ರಿ,” ಎಂದಳು.

ಮಾರ್ಥಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಬಿದಿರಿನ ಕಟ್ಟು ಪರೀಕ್ಷಿಸುವವನಂತೆ ಮೇಲೆ ನೋಡಿದೆ. ಇಂಥ ಹೆಂಡತಿ ಸಿಕ್ಕಿದ್ದು ನನ್ನ ಪುಣ್ಯ.

ಆ ಪುಣ್ಯ ಮರುದಿನವೇ ಫಲ ಕೊಟ್ಟಿತು. ಬಸ್ ಸ್ಟ್ಯಾಂಡಿನಲ್ಲಿ ಹೆಂಗಸರು ಶೇಖವ್ವನ ಮೊಳ ಬೇಡ, ಗುಡಾರ ಕಟ್ಟಿದವನ ಮೊಳವೇ ಬೇಕು ಎಂದು ಹಟ ಹಿಡಿದರು. ನನಗೆ ಬುಲಾವ್ ಬಂತು. ಅಂದಿನಿಂದ ಉಳಿ, ಬಾಚಿ ಮೂಲೆ ಸೇರಿವೆ. ನಾನು ಹೂಬುಟ್ಟಿಯ ಮುಂದೆ ಕೈ ಚಾಚಿ ಕುಳಿತಿದ್ದೇನೆ.

ಶಿರಸಿಗೆ ಹೊರಟ ದಿನ ಮಾರ್ಥಾಬಾಯಿ ನಮ್ಮ ಬುಟ್ಟಿಯ ಹತ್ತಿರ ಟ್ರಂಕು ಇಳಿಸಿ ಒಂದು ಮೊಳ ಹೂವು ಕೇಳಿದರು. ನಾನು ಧರ್ಮವಾಗಿ ಕೈ ಚಾಚಿದೆ.

“ಅಕ್ಕಾರಿಗೂ ಮೊಳಾ ಹಾಕ್ತೀರೇನು? ನಾಚಿಕಿ ಬರೂದಿಲ್ಲ?” ಎಂದು ಶೇಖವ್ವ ಕಿತ್ತುಕೊಂಡು, ಇಡೀ ಮಾಲೆಯನ್ನೇ ಅವರ ಉಡಿಗೆ ಹಾಕಿದಳು. ಬಸ್ಸು ಕಣ್ಮರೆಯಾಗುವ ತನಕ ಇಬ್ಬರೂ ಕೈಮುಗಿದು ನಿಂತೆವು.

ಆಮೇಲೆ ಅವಳು ನನ್ನ ಕಿವಿಯ ಹತ್ತಿರ ಬಂದಳು. “ಅಕ್ಕಾರು ಹ್ವಾದ್ರು. ಇನ್ನ ಮ್ಯಾಲೆ ಕೈ ಒಂಚೂರು ಮಡಚ್ರಿ.”

ಮಡಚಿದೆ. ಎದುರಿಗೆ ನಿಂತಿದ್ದ ಗಿರಾಕಿ ವೀರವ್ವನ ಕಣ್ಣು ಚುರುಕು. ಮೊಳ ಯಾಕೆ ಸಣ್ಣದಾಯಿತು ಎಂದು ಕೇಳಿಯೇಬಿಟ್ಟಳು.

“ಅದನ್ನ ನಾನೂ ಹೇಳಾಕತ್ತೇನಿ ನೋಡವ್ವಾ,” ಎಂದಳು ಶೇಖವ್ವ. “ಇವರದು ಮೊದಲಿಂದನೂ ಕೈ ಬಿಗಿ.” ಹಾಗೆಂದು ವೀರವ್ವನಿಗೆ ಎರಡು ಹೂವು ಹೆಚ್ಚಿಗೆ ಕೊಟ್ಟಳು.