ಒಂದು ಗೇಣು ಆಚೆಗೆ

ಸಂತೆಯಲ್ಲಿ ಕೂತು ಸಾಮಾನು ಮಾರುವವರಿಗೂ ಮೂತ್ರ ಬರುತ್ತದೆ. ಇದೇನೂ ಹೊಸ ಸಂಶೋಧನೆಯಲ್ಲ. ಆದರೂ ದೊಡ್ಡ ಊರಿನ ದೊಡ್ಡ ಸಂತೆಗೆ ವಾರವಾರವೂ ಚೀಲ ಹಿಡಿದು ಹೋಗಿ, ಹಳೇ ತಟ್ಟೆಗೂ ಹೊಸ ಬುಟ್ಟಿಗೂ ಗಂಟಲು ಕಟ್ಟುವಷ್ಟು ಚೌಕಾಸಿ ಮಾಡಿ ಬರುವ ನಮ್ಮಲ್ಲಿ ಎಷ್ಟು ಮಂದಿಗೆ ಇದು ಗೊತ್ತಿದೆಯೋ ಅನುಮಾನ. ಬೆಳಗ್ಗೆ ಬಂದು ಕೂತ ಹೆಂಗಸು ಸಂಜೆಯವರೆಗೆ ಅಲ್ಲೇ ಹೇಗೆ ಕೂತಿರುತ್ತಾಳೆ, ಅವಳ ಪಕ್ಕದ ನೀರಿನ ಬಾಟಲಿ ತುಂಬಿದ್ದು ತುಂಬಿದಂತೆಯೇ ಯಾಕಿರುತ್ತದೆ ಎಂದು ಕೇಳಿದವರು ಕಡಿಮೆ. ನಕ್ಷೆರಾಯರಂತೂ ಕೇಳಿರಲಿಲ್ಲ. ಕೇಳಬೇಕಾಗಿದ್ದ ಮೊದಲ ಮನುಷ್ಯ ಅವರೇ, ಯಾಕೆಂದರೆ ಆ ಸಂತೆಯ ನಕ್ಷೆ ಬರೆದವರು ಅವರು.

ನಗರ ಕಚೇರಿಯಲ್ಲಿ ಕಿಟಕಿ ಪಕ್ಕದ ಇಳಿಜಾರು ಮೇಜು ನಕ್ಷೆರಾಯರದು. ಹಳೇ ಸಂತೆಯನ್ನು ಕೆಡವಿ ಹೊಸದು ಕಟ್ಟುವಾಗ ಒಂದೊಂದು ಗೆರೆಯನ್ನೂ ಎಳೆದವರು ಅವರೇ. ತಿಂಡಿ ಬೀದಿ, ಹಳೇ ಸಾಮಾನಿನ ಬೀದಿ, ಕೈಕಸುಬಿನ ಬೀದಿ, ಹೆಬ್ಬಾಗಿಲಲ್ಲಿ ಕಾರಂಜಿ. ಬೀದಿಗಳು ನೇರವಾಗಿದ್ದರೆ ಗಿರಾಕಿ ನೆಟ್ಟಗೆ ಹೊರಗೆ ಹೋಗಿಬಿಡುತ್ತಾನೆ, ಬಳಸು ದಾರಿಯಾದರೆ ಸುತ್ತುತ್ತಾ ಕೊಳ್ಳುತ್ತಾನೆ ಎಂಬ ಮಹಾಸಿದ್ಧಾಂತವೂ ಅವರದೇ. ಸಂತೆಯನ್ನು ಅವರು ಹಕ್ಕಿ ಬಲ್ಲಷ್ಟು ಬಲ್ಲವರು, ಅಂದರೆ ಮೇಲಿನಿಂದ. ಕಾಲಿಟ್ಟು ಒಳಗೆ ಹೋಗಿದ್ದು ಉದ್ಘಾಟನೆಯ ದಿನ ಮಾತ್ರ, ಅದೂ ಕಾರಂಜಿಯವರೆಗೆ. (ಅಲ್ಲಿಂದ ಮುಂದೆ ಭಾಷಣವಿತ್ತು.)

ಈಗ ಅವರಿಗೊಂದು ಕಷ್ಟ ಬಂದಿತ್ತು. ಕೈಕಸುಬಿನ ಬೀದಿ ಅರ್ಧಕ್ಕಿಂತ ಹೆಚ್ಚು ಖಾಲಿ ಹೊಡೆಯುತ್ತಿತ್ತು. ಹೆಣೆಯುವ, ಹೊಲಿಯುವ, ಬಣ್ಣ ಹಚ್ಚುವ ಹೆಂಗಸರು ಬರುತ್ತಾರೆಂದು ಮಾಡಿದ ಮಳಿಗೆಗಳು. ಬಂದವರು ಒಂದೆರಡು ವಾರ ಕೂತು, ಏನೂ ಹೇಳದೆ ಗಂಟು ಕಟ್ಟಿಕೊಂಡು ಹೋಗುತ್ತಿದ್ದರು. ದೊಡ್ಡ ಸಾಹೇಬರು ಒಂದು ದಿನ ನಕ್ಷೆಯ ಮೇಲೆ ಪೆನ್ಸಿಲ್ ಆಡಿಸಿ, ಹೀಗೇ ಇದ್ದರೆ ಈ ಬೀದಿಯನ್ನು ಒಡೆದು ಕಾರು ನಿಲ್ಲಿಸಲು ಕೊಡೋಣ ಅಂದುಬಿಟ್ಟರು. ಇಡೀ ನಕ್ಷೆಯಲ್ಲಿ ನಕ್ಷೆರಾಯರಿಗೆ ಪ್ರಾಣದಂತಿದ್ದದ್ದು ಆ ಬೀದಿ. ಅದರ ಕಮಾನು ಬರೆಯಲು ಅವರು ಎರಡು ಸಲ ಕನ್ನಡಕ ಬದಲಾಯಿಸಿದ್ದರು. ಆ ರಾತ್ರಿ ಊಟ ಸೇರಲಿಲ್ಲ.

ಊಟ ಸೇರದೆ ಕುರ್ಚಿಗೆ ಒರಗಿದಾಗ ಬೆನ್ನಿಗೆ ಒಂದು ಆನೆ ಚುಚ್ಚಿತು. ಬಟ್ಟೆಯ ಆನೆ. ಮನೆಯಾಕೆ ದರ್ಜಿಗಳು ಬಿಸಾಡುವ ಬಟ್ಟೆಚೂರು ತಂದು ಗೊಂಬೆ ಹೊಲಿಯುತ್ತಿದ್ದರು. ಮನೆಯಲ್ಲಿ ಈಗ ಮನುಷ್ಯರಿಗಿಂತ ಪ್ರಾಣಿಗಳದ್ದೇ ಬಹುಮತ. ಅಲಮಾರದ ಮೇಲೆ ಕೋತಿ, ದಿಂಬಿನ ಪಕ್ಕ ಮೊಲ. (ನಕ್ಷೆರಾಯರು ಒಮ್ಮೆ ಕತ್ತಲಲ್ಲಿ ಕರಡಿಯನ್ನು ತುಳಿದು ಕ್ಷಮೆ ಕೇಳಿದ್ದುಂಟು.) ಆನೆಯನ್ನು ಕೈಯಲ್ಲಿ ಹಿಡಿದುಕೊಂಡೇ ಅವರಿಗೆ ಉಪಾಯ ಹೊಳೆಯಿತು: ಮನೆಯಾಕೆ ಒಂದು ಮಳಿಗೆ ಹಿಡಿಯಲಿ, ಅವರನ್ನು ನೋಡಿ ನಾಲ್ಕು ಜನ ಬರುತ್ತಾರೆ, ಬೀದಿ ಉಳಿಯುತ್ತದೆ. ಜೊತೆಗೆ ಕುರ್ಚಿಯೂ ಉಳಿಯುತ್ತದೆ.

ಮನೆಯಾಕೆಗೂ ಒಳಗೊಳಗೇ ಆಸೆಯಿತ್ತು. ಆದರೆ ಸಂತೆ ಹೊಸದಾದ ಮೇಲೆ ಆಕೆ ಆ ಕಡೆ ಹೋಗಿರಲಿಲ್ಲ. ಸೂಜಿಗೆ ದಾರ ಪೋಣಿಸುತ್ತಲೇ ಹೇಳಿದರು: "ಮೊದಲು ನೋಡ್ತೀನಿ. ಆಮೇಲೆ ಹೇಳ್ತೀನಿ."

ಭಾನುವಾರ ಇಬ್ಬರೂ ಹೊರಟರು. ನಕ್ಷೆರಾಯರು ನಕ್ಷೆಯನ್ನು ಸುರುಳಿ ಸುತ್ತಿ ತಗಡಿನ ಕೊಳವೆಯಲ್ಲಿಟ್ಟು, ಬೇಟೆಗೆ ಹೊರಟ ಅರಸನ ಹಾಗೆ ಹೆಗಲಿಗೆ ಹಾಕಿಕೊಂಡರು. ಅದ್ಯಾಕೆ ಎಂದು ಆಕೆ ಕೇಳಿದ್ದಕ್ಕೆ ದಾರಿ ತಪ್ಪಬಾರದಲ್ಲ ಅಂದರು. ತಾವೇ ಮಾಡಿದ ಸಂತೆಯಲ್ಲಿ ತಾವೇ ದಾರಿ ತಪ್ಪುತ್ತೀರಾ ಎಂದು ಆಕೆ ಕೇಳಿದ್ದು ಬಸ್ಸಿನ ಸದ್ದಿನಲ್ಲಿ ಮುಳುಗಿತು. ಅಥವಾ ನಕ್ಷೆರಾಯರು ಮುಳುಗಿಸಿದರು.

ಹೆಬ್ಬಾಗಿಲಲ್ಲಿ ಕಾರಂಜಿ ಜುಳುಜುಳು ಎನ್ನುತ್ತಿತ್ತು. ಆ ಸದ್ದು ಹಳೇ ಸಾಮಾನಿನ ಬೀದಿಯವರೆಗೂ ಕೇಳಲಿ ಎಂದು ಗೋಡೆಗಳನ್ನು ಬಾಗಿಸಿ ಕಟ್ಟಿಸಿದ್ದನ್ನು ನಕ್ಷೆರಾಯರು ವಿವರಿಸುತ್ತಿರುವಾಗ, ಮನೆಯಾಕೆ ಸುತ್ತ ಕಣ್ಣಾಡಿಸಿ, ಟಾಯ್ಲೆಟ್ ಎಲ್ಲಿದೆ ಎಂದರು.

"ಈಗ ಬೇಕಾ?"

"ಬೇಡ. ಇದೆಯಾ ಅಂತ ಕೇಳಿದೆ."

ಇದೆ ಎಂದು ತೋರಿಸಲು ನಕ್ಷೆರಾಯರು ಕಾರಂಜಿಯ ಕಟ್ಟೆಯ ಮೇಲೆ ನಕ್ಷೆಯನ್ನೇ ಬಿಚ್ಚಿದರು. ದೂರದ ಮೂಲೆಯಲ್ಲಿ ಇರುವೆಯಷ್ಟು ದೊಡ್ಡ ಚೌಕ. "ಮೊದಲು ಇಲ್ಲೇ ಕಾರಂಜಿ ಪಕ್ಕದಲ್ಲೇ ಬರೆದಿದ್ದೆ ಕಣೇ. ಕಣ್ಣಿಗೆ ಚೆನ್ನಾಗಿರಲ್ಲ ಅನ್ನಿಸ್ತು. ಒಂದು ಗೇಣು ಆಚೆಗೆ ಸರಿಸಿದೆ, ಅಷ್ಟೇ." ಹೆಬ್ಬೆರಳು ಕಿರುಬೆರಳು ಅಗಲಿಸಿ ಕಾಗದದ ಮೇಲೆ ಗೇಣು ಹಾಕಿ ತೋರಿಸಿದರು. ಮನೆಯಾಕೆ ಆ ಗೇಣನ್ನು ನೋಡಿದರು. ತಲೆಯೆತ್ತಿ ಸಂತೆಯ ಆ ದಿಕ್ಕನ್ನು ನೋಡಿದರು. ಕೊನೆ ಕಾಣಲಿಲ್ಲ. ಏನೂ ಹೇಳಲಿಲ್ಲ. (ಆಕೆ ಏನೂ ಹೇಳದಿದ್ದ ಸಂದರ್ಭಗಳನ್ನೆಲ್ಲ ನಕ್ಷೆರಾಯರು ತಮ್ಮ ಗೆಲುವು ಎಂದು ಎಣಿಸಿಕೊಳ್ಳುತ್ತಾ ಬಂದಿದ್ದರು. ಅವರ ಸಂಸಾರ ಸುಖವಾಗಿ ಸಾಗಿದ್ದು ಹೀಗೆ.)

ತಿಂಡಿ ಬೀದಿಯಲ್ಲಿ ಬಾಣಲೆಗಳು ಚೊರ್ ಎನ್ನುತ್ತಿದ್ದವು. ರುಚಿ ನೋಡಿ ಎಂದು ಕರೆದವರ ಮನಸ್ಸು ನೋಯಿಸುವುದು ನಕ್ಷೆರಾಯರಿಗೆ ಬಾರದು. ದ್ರಾಕ್ಷಿ ರಸದ ರುಚಿ ನೋಡಿದರು, ಕಿತ್ತಳೆ ರಸದ ರುಚಿ ನೋಡಿದರು. ಕಲ್ಲಂಗಡಿ ರಸದವನಿಗೆ ಈ ಸಂತೆ ಮಾಡಿದ್ದು ತಾವೇ ಎಂದು ತಿಳಿಸಿದರು. ಲೈಸೆನ್ಸ್ ನೋಡುವ ಸಾಹೇಬರೇ ಬಂದರೆಂದು ಅವನು ಉದ್ದನೆಯ ಲೋಟ ತುಂಬಿ ಕೊಟ್ಟ. ಇವರು ಬರೀ ಗೆರೆ ಎಳೆಯುವವರು ಎಂದು ಅವನಿಗೆ ಅರ್ಥವಾಗುವ ಹೊತ್ತಿಗೆ ಎರಡನೇ ಲೋಟವೂ ಒಳಗೆ ಇಳಿದಿತ್ತು. ಮನೆಯಾಕೆ ಮಾತ್ರ ಒಂದು ಹನಿಯನ್ನೂ ಮುಟ್ಟಲಿಲ್ಲ.

"ಬಾಯಾರಿಲ್ವಾ ನಿಂಗೆ?"

"ಬಾಯಾರಿದೆ," ಅಂದರು ಆಕೆ, ಮುಂದೆ ನಡೆದರು.

ಹಳೇ ಸಾಮಾನಿನ ಬೀದಿಯಲ್ಲಿ ಒಬ್ಬ ಮುದುಕಿ ಮಣೆಯ ಮೇಲೆ ಕೂತು, ಎದುರಿಗೆ ಒಂದು ಅಟ್ಟದ ಸಾಮಾನನ್ನೆಲ್ಲ ಹರಡಿಕೊಂಡಿದ್ದಳು. ಗಾಜಿನ ಬಟ್ಟಲು, ಕೀಲಿಕೈ ಇಲ್ಲದ ಬೀಗ, ಓಡದ ಗಡಿಯಾರ, ಸೌಟು. ಮನೆಯಾಕೆ ದರ್ಜಿಯ ಹಳೇ ಕತ್ತರಿಯೊಂದನ್ನು ಎತ್ತಿ ನೋಡತೊಡಗಿದರು. ಮುದುಕಿಯ ಗಮನ ವ್ಯಾಪಾರದಲ್ಲಿರಲಿಲ್ಲ. ಅರ್ಧ ಏಳುವಳು, ಅತ್ತ ಇತ್ತ ನೋಡುವಳು, ಮತ್ತೆ ಕೂರುವಳು. ಕೊನೆಗೆ ತಡೆಯಲಾರದೆ ಹೇಳಿದಳು: "ತಾಯಿ, ಸ್ವಲ್ಪ ಕೂತಿರ್ತೀಯಾ? ಹೋಗಿ ಬಂದ್ಬಿಡ್ತೀನಿ."

ಎಲ್ಲಿಗೆ ಎಂದು ಮನೆಯಾಕೆ ಕೇಳಲಿಲ್ಲ. ಗಂಡನ ಕಡೆ ತಿರುಗಿದರು. "ರೀ, ನೀವು ಕೂತ್ಕೊಳ್ಳಿ. ಅಷ್ಟರಲ್ಲಿ ನಾನು ನಿಮ್ಮ ಬೀದಿ ನೋಡ್ಕೊಂಡು ಬರ್ತೀನಿ. ನೀವು ಪಕ್ಕದಲ್ಲಿದ್ರೆ ನೋಡೋಕಾಗಲ್ಲ, ಬರೀ ಕೇಳೋದೇ ಆಗತ್ತೆ."

ಐದು ನಿಮಿಷದ ಮಾತು ಎಂದು ನಕ್ಷೆರಾಯರು ಕೊಳವೆಯನ್ನು ಸಾಮಾನಿಗೆ ಒರಗಿಸಿ ಮಣೆಯ ಮೇಲೆ ಕೂತರು. ಮುದುಕಿ ಆಗಲೇ ಅರ್ಧ ಓಟದಲ್ಲಿದ್ದಳು.

ಮಣೆಯ ಮೇಲಿಂದ ಸಂತೆ ಬೇರೆಯೇ ಕಂಡಿತು. ಎಲ್ಲೆಲ್ಲೂ ಮೊಣಕಾಲು. ನಕ್ಷೆಯಲ್ಲಿ ಅವರು ಮರ ಬರೆದಿದ್ದರು, ದೀಪದ ಕಂಬ ಬರೆದಿದ್ದರು, ಮೊಣಕಾಲು ಬರೆದಿರಲಿಲ್ಲ. ಒಂದು ಜೊತೆ ಮೊಣಕಾಲಿನ ಮೇಲಿಂದ ಕೈಯೊಂದು ಇಳಿದು ಜಾಲರಿ ಸೌಟನ್ನು ಎತ್ತಿ, ಇದರ ತುಂಬಾ ತೂತು, ಕಡಿಮೆ ಮಾಡಿ ಅಂದಿತು. ತೂತುಗಳನ್ನು ಎಣಿಸಿದ ನಕ್ಷೆರಾಯರಿಗೆ ವಾದ ನ್ಯಾಯವಾಗಿಯೇ ಕಂಡಿತು. ಅರ್ಧಕ್ಕೆ ಕೊಟ್ಟರು.

ಐದು ನಿಮಿಷ ಕಳೆಯಿತು. ಅದರ ಅಣ್ಣತಮ್ಮಂದಿರೂ ಕಳೆದರು. ಮುದುಕಿಯ ಸುಳಿವಿಲ್ಲ. ಆಗ ಒಳಗೆ ದ್ರಾಕ್ಷಿ ಎಚ್ಚರವಾಯಿತು. ಅದು ಕಿತ್ತಳೆಯನ್ನು ಎಬ್ಬಿಸಿತು. ಇಬ್ಬರೂ ಸೇರಿ ಕಲ್ಲಂಗಡಿಯನ್ನು ಕರೆದುಕೊಂಡು ಬಂದು ಬಾಗಿಲು ತಟ್ಟತೊಡಗಿದರು. ನಕ್ಷೆರಾಯರು ಬಲಗಾಲನ್ನು ಎಡಗಾಲಿನ ಮೇಲೆ ಹಾಕಿದರು. ಎಡಗಾಲನ್ನು ಬಲಗಾಲಿನ ಮೇಲೆ ಹಾಕಿದರು. ಮೂರನೇ ಕಾಲು ಇರಲಿಲ್ಲ. ಬಾಗಿದ ಗೋಡೆಗಳನ್ನು ಹಿಡಿದು, ಒಂದು ಹನಿಯೂ ನಷ್ಟವಾಗದೆ, ಕಾರಂಜಿಯ ಜುಳುಜುಳು ಸೀದಾ ಅವರ ಕಿವಿಗೆ ಬಂದು ಬೀಳುತ್ತಿತ್ತು. ಆ ವಿನ್ಯಾಸಕ್ಕೆ ಸಾಹೇಬರು ಬೆನ್ನು ತಟ್ಟಿದ್ದರು.

ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ನಂಬಿ ಬಿಟ್ಟು ಹೋದವಳ ಸಾಮಾನು ಬೀದಿಪಾಲಾಗಬಾರದು ಎಂಬಷ್ಟು ಮರ್ಯಾದೆ ಅವರಲ್ಲಿತ್ತು. ಗಡಿಯಾರ ಓಡುತ್ತದಾ ಎಂದು ಯಾರೋ ಕೇಳಿದರು. ಓಡಬೇಕು ಓಡಬೇಕು ಎಂದರು ನಕ್ಷೆರಾಯರು, ಗಡಿಯಾರವನ್ನು ನೋಡದೆಯೇ.

ಅಂತೂ ಮನೆಯಾಕೆ ಬಂದರು. ಬೀದಿ ಚೆನ್ನಾಗಿದೆ, ನೆರಳಿದೆ ಎಂದು ಶುರು ಮಾಡುವಷ್ಟರಲ್ಲಿ ನಕ್ಷೆರಾಯರು ಆಕೆಯನ್ನು ಮಣೆಯ ಮೇಲೆ ಕೂರಿಸಿಯಾಗಿತ್ತು.

"ನಕ್ಷೆ ಬೇಡ್ವೇನ್ರಿ?"

"ಬೇಡ, ನಾನೇ ಬರೆದಿರೋದು," ಎಂದ ದನಿ ಆಗಲೇ ತಿರುವಿನಾಚೆಯಿಂದ ಬಂತು.

ಆ ತಿರುವನ್ನು ಬರೆದದ್ದು ಗಿರಾಕಿ ನಿಧಾನವಾಗಲಿ ಎಂದು. ಮುಂದಿನದು, ಗಿರಾಕಿ ಮರಳಿ ಬರಲಿ ಎಂದು. ನಕ್ಷೆರಾಯರು ಮರಳಿ ಬಂದರು, ಅಂಗಿ ಗುಂಡಿಗಳ ಅಂಗಡಿಯ ಮುಂದಕ್ಕೆ. ಇನ್ನೊಂದು ದಾರಿ ಹಿಡಿದರು, ಅದು ಕಲ್ಲುಬೆಂಚು ಹಾಕಿದ ವಿಶ್ರಾಂತಿ ಮೂಲೆಯಲ್ಲಿ ಮುಗಿಯಿತು. (ಜಗತ್ತಿನಲ್ಲಿ ಆ ಗಳಿಗೆಯಲ್ಲಿ ಅವರಿಗೆ ಬೇಡವಾಗಿದ್ದದ್ದು ಏನಾದರೂ ಇದ್ದರೆ ಅದು ಕೂರಲು ಜಾಗ.) ಮತ್ತೆ ಗುಂಡಿಗಳ ಅಂಗಡಿ. ಮೂರನೇ ಸಲ ಕಂಡಾಗ ಗುಂಡಿಯವನು ಕನಿಕರದಿಂದ, ಯಾವ ಬಣ್ಣ ಬೇಕಿತ್ತು ಎಂದು ಕೇಳಿದ. ಕೊನೆಗೆ ಕೈಗಾಡಿಗಳ ನಡುವೆ ನುಸುಳಿ, ಖಾಲಿ ಪೆಟ್ಟಿಗೆಗಳ ಗುಡ್ಡ ಬಳಸಿ, ಸಂತೆ ಮುಗಿದು ಇನ್ನೇನು ಊರೇ ಮುಗಿಯಿತು ಅನ್ನುವಲ್ಲಿ ಆ ಇರುವೆ ಗಾತ್ರದ ಚೌಕ ಸಿಕ್ಕಿತು. ಎದುರಿಗೆ ಎರಡು ಸಾಲು.

ಹೆಂಗಸರ ಸಾಲಿನಲ್ಲಿ ಮುದುಕಿ ಇನ್ನೂ ನಿಂತಿದ್ದಳು. ಆ ಕಡೆ ತೆರೆದಿದ್ದದ್ದು ಒಂದೇ ಬಾಗಿಲು. ಅವಳು ಇವರನ್ನು ಕಂಡು ಗಾಬರಿಯಾಗಿ, ಅಲ್ಲಿ ಯಾರು ಕೂತಿದ್ದಾರೆ ಎಂದಳು. ಹೆಂಡತಿ ಎಂದದ್ದೇ ಸಮಾಧಾನವಾಯಿತು. ಹಿಂದೊಮ್ಮೆ ಹೀಗೇ ಬಿಟ್ಟು ಬಂದಾಗ ಹಿತ್ತಾಳೆ ದೀಪ ಹೋಯಿತಂತೆ.

"ನೀರು ಕುಡಿಯೋದೇ ಬಿಟ್ಟಿದ್ದೀನಿ ಅಣ್ಣಾ. ಇವತ್ತು ಮಾತ್ರೆ ನುಂಗೋಕೆ ಅಂತ ಒಂದು ಲೋಟ ಕುಡಿದೆ, ಅದೇ ತಪ್ಪಾಯ್ತು." ಆಮೇಲೆ ತಣ್ಣಗೆ ಸೇರಿಸಿದಳು: "ಇದನ್ನ ಇಲ್ಲಿ ತಂದಿಟ್ಟವನು ಸಿಕ್ಕಿದ್ರೆ ಬಯ್ಯಲ್ಲ ನಾನು. ಒಂದು ದಿನ ನನ್ನ ಮಣೆ ಮೇಲೆ ಕೂರಿಸ್ತೀನಿ."

ನಕ್ಷೆರಾಯರು ಬಾಯಿ ಬಿಡಲಿಲ್ಲ. ಆ ಹೊತ್ತಿನಲ್ಲಿ ಯಾವುದನ್ನೂ ಬಿಡುವ ಸ್ಥಿತಿಯಲ್ಲಿ ಅವರಿರಲಿಲ್ಲ.

ಇಬ್ಬರೂ ಹಗುರಾಗಿ ಹಿಂತಿರುಗಿದರು, ಮುದುಕಿ ಮುಂದೆ, ದಾರಿ ಬರೆದವರು ಹಿಂದೆ. ಮಳಿಗೆಯ ಮುಂದೆ ಜನ ನೆರೆದಿದ್ದರು. ಮನೆಯಾಕೆ ನಗುನಗುತ್ತಾ ಬೀಗ ಮಾರುತ್ತಿದ್ದರು. ಕೀಲಿಕೈ ಇಲ್ಲದ ಬೀಗವನ್ನು ಕಳ್ಳನೂ ತೆಗೆಯಲಾರ ಎನ್ನುವುದು ಆಕೆಯ ವಾದ. ಗಾಜಿನ ಬಟ್ಟಲುಗಳೆಲ್ಲ ಹೋಗಿದ್ದವು. ತಗಡಿನ ಕೊಳವೆಯೂ ಇರಲಿಲ್ಲ.

"ಅದನ್ನ ಒಬ್ಬರು ಕೊಡೆ ಇಡೋಕೆ ತಗೊಂಡ್ರು," ಅಂದರು ಮನೆಯಾಕೆ.

"ಒಳಗಿದ್ದ ನಕ್ಷೆ?"

"ಬಟ್ಟಲು ಸುತ್ತೋಕೆ ಗಟ್ಟಿ ಕಾಗದ ಬೇಕಿತ್ತು. ನೀವೇ ಬೇಡ ಅಂದ್ರಲ್ಲ. ಕಾರಂಜಿ ಇದ್ದ ತುಂಡು ದೊಡ್ಡ ಬಟ್ಟಲಿಗೆ ಅಳತೆ ಮಾಡಿದ ಹಾಗೆ ಕೂತ್ಕೊಳ್ತು."

ಕಚೇರಿಯಲ್ಲಿ ಮೂಲಪ್ರತಿ ಇದೆ ಎಂದು ನಕ್ಷೆರಾಯರು ಎದೆ ಗಟ್ಟಿ ಮಾಡಿಕೊಂಡರು. ಮುದುಕಿಯಿಂದ ಕೃತಜ್ಞತೆಯಾದರೂ ಬಂದೀತೆಂದು ಕಾದರು. ಅವಳು ಸೌಟು ಅರ್ಧಕ್ಕೆ ಹೋದ ವಿಷಯ ತಿಳಿದು ಬೆಂಕಿಯಾಗಿದ್ದಳು. ಜಾಲರಿಯಲ್ಲಿ ತೂತಿರದೆ ಮತ್ತೇನಿರುತ್ತದೆ ಎಂದು ಬೀದಿಗೆಲ್ಲ ಕೇಳುವಂತೆ ವಿಚಾರಿಸಿ, ಕೊಳವೆಯ ದುಡ್ಡನ್ನು ಸೌಟಿನ ಲೆಕ್ಕಕ್ಕೆ ತನ್ನ ಚೀಲಕ್ಕೇ ಹಾಕಿಕೊಂಡಳು. ಕತ್ತರಿಯ ಬೆಲೆಯಲ್ಲೂ ಒಂದಿಷ್ಟೂ ಬಿಡಲಿಲ್ಲ.

ಬಸ್ಸಿನಲ್ಲಿ ಕತ್ತರಿಯನ್ನು ತೊಡೆಯ ಮೇಲಿಟ್ಟುಕೊಂಡು ಮನೆಯಾಕೆ ತೀರ್ಪು ಕೊಟ್ಟರು. ಬೀದಿ ಚೆನ್ನಾಗಿದೆ. ಕಮಾನು ಬಲು ಚೆಂದ. "ಆದ್ರೆ ಆ ಒಂದು ಗೇಣನ್ನ ವಾಪಸ್ ತನ್ನಿ. ಆಮೇಲೆ ನನ್ನ ಗೊಂಬೆ ತರ್ತೀನಿ."

ಸೋಮವಾರ ನಕ್ಷೆರಾಯರು ಚೌಕವನ್ನು ಕಾರಂಜಿಯ ಪಕ್ಕಕ್ಕೆ ಎಳೆದು, ನಾಲ್ಕು ಪಟ್ಟು ದೊಡ್ಡದು ಮಾಡಿ, ಸಾಹೇಬರ ಮುಂದಿಟ್ಟರು. ಹೆಂಗಸರು ಯಾಕೆ ನಿಲ್ಲುತ್ತಿಲ್ಲ ಎಂಬುದನ್ನೂ ಬಾಯಿಬಿಟ್ಟು ಹೇಳಿದರು. ಸಾಹೇಬರು ಬಹಳ ಹೊತ್ತು ನೋಡಿ, ಬಂದವರ ಕಣ್ಣಿಗೆ ಮೊದಲು ಬೀಳುವುದೇ ಇದಾದರೆ ಚೆನ್ನಾಗಿರುತ್ತದೆಯೇ ಎಂದು ಕೇಳಿದರು. ಅದು ನಕ್ಷೆರಾಯರದೇ ಮಾತು. ಬರುವ ವರ್ಷ ನೋಡೋಣ ಎಂಬ ಷರಾ ಬಿತ್ತು. ಕಾರು ನಿಲ್ಲಿಸುವ ಮಾತು ಮಾತ್ರ ಹಾಗೇ ಉಳಿಯಿತು.

ಮನೆಗೆ ಬಂದು ಇದನ್ನು ಒಪ್ಪಿಸಿದಾಗ ಮನೆಯಾಕೆ ರೇಗಲಿಲ್ಲ. ಆನೆ, ಕೋತಿ, ಮೊಲಗಳನ್ನು ಚೀಲಕ್ಕೆ ತುಂಬತೊಡಗಿದರು. ಚೌಕ ಬರುವವರೆಗೆ ಕಾಯಬೇಕಿಲ್ಲ, ಬದಲಿ ಕೂರುವ ಆಳು ಮನೆಯಲ್ಲೇ ಇದೆ ಎಂದು ಆಕೆಗೆ ಹೊಳೆದಿತ್ತು. ಈಗ ಭಾನುವಾರ ಆ ಸಂತೆಗೆ ಹೋದರೆ ನಕ್ಷೆರಾಯರನ್ನು ನೋಡಬಹುದು. ಮೊದಲು ಹೆಂಡತಿಯ ಮಳಿಗೆ, ಆಮೇಲೆ ಮುದುಕಿಯ ಮಣೆ, ಆಮೇಲೆ ಬುಟ್ಟಿಯವಳದು. ಒಬ್ಬರು ಎದ್ದಲ್ಲಿ ಇವರು ಕೂರುತ್ತಾರೆ. ಸೌಟಿಗೆ ಕೈ ಹಾಕಬಾರದೆಂದು ಮುದುಕಿಯ ಕಟ್ಟಪ್ಪಣೆ. ಕಲ್ಲಂಗಡಿ ರಸದವನು ಕರೆದರೆ ಮುಖ ತಿರುಗಿಸುತ್ತಾರೆ.

ಅವರು ಒಬ್ಬರೇ. ಬೀದಿಗಳು ಮೂರು. ಆದ್ದರಿಂದ ಬರುವ ವಾರ ನೀವು ಸಂತೆಗೆ ಹೋದಾಗ, ಬೆಲೆ ಕೇಳುವ ಮೊದಲು, ಚೀಲ ಕೆಳಗಿಟ್ಟು, ಅಲ್ಲಿ ಕೂತವಳನ್ನು ಇಷ್ಟು ಕೇಳಿ: "ಹೋಗಿ ಬರ್ತೀರಾ? ನಾನು ಕೂತಿರ್ತೀನಿ." ಕೇಳಿದ ಮೇಲೆ ಕೂರಿ. ರಸ ಗಿಸ ಏನಿದ್ದರೂ ಆಮೇಲೆ ಕುಡಿಯಿರಿ.