ಇದು ಕಲೆ, ಮುಟ್ಟಬೇಡಿ

ನಾನು ಕಲಾವಿದೆಯಾಗುವುದೆಂದು ಸೋಮವಾರ ಬೆಳಿಗ್ಗೆ, ಮಗಳ ಮೂಗು ಒರೆಸುತ್ತಾ, ತೀರ್ಮಾನಿಸಿಬಿಟ್ಟೆ. ಪುಸ್ತಕದ ಹಿಂದಿನ ಪುಟದಲ್ಲಿ ಹೂವು ಗೀಚುವ ಕಲಾವಿದೆಯಲ್ಲ. ನೋಡಿದವರು ಎರಡು ಹೆಜ್ಜೆ ಹಿಂದೆ ಸರಿದು, ತಲೆ ವಾಲಿಸಿ, "ಹ್ಞೂಂ" ಎನ್ನುತ್ತಾರಲ್ಲ, ಅಂಥ ಚಿತ್ರ ಬರೆಯುವ ಕಲಾವಿದೆ!

ಇದಕ್ಕೊಂದು ಒಳಗಿನ ಕಾರಣವೂ ಇತ್ತು. ನಮ್ಮ ಚೂಟಿ ಹುಟ್ಟಿ ಎರಡು ವರ್ಷವಾಯಿತು. ಅಂದಿನಿಂದ ನಾನು ಒಂದೇ ಒಂದು ಕೆಲಸವನ್ನು ಪೂರ್ತಿ ಮುಗಿಸಿದ್ದಿಲ್ಲ. ಅರ್ಧ ಹೆಣೆದ ಸ್ವೆಟರ್, ಅರ್ಧ ಓದಿದ ಕಾದಂಬರಿ, ಅರ್ಧ ಬಾಚಿದ ತಲೆ. ಒಂದನ್ನಾದರೂ ನಾನೇ ಶುರುಮಾಡಿ ನಾನೇ ಮುಗಿಸಿ, ಕೆಳಗೆ ಹೆಸರು ಬರೆಯಬೇಕೆಂಬ ಆಸೆ.

ಗ್ರಂಥಾಲಯದ ಮಹಡಿಯಲ್ಲಿ ಪ್ರತಿ ಶನಿವಾರ ಸಂಜೆ ಚಿತ್ರಕಲೆಯ ತರಗತಿ. ಆ ವಾರವೇ ಸೇರಿಕೊಂಡೆ. ಮೊದಲ ದಿನವೇ ಡ್ರಾಯಿಂಗ್ ಮೇಷ್ಟ್ರು ಸ್ಥಿರಚಿತ್ರದ ಪಾಠ ಮಾಡಿದರು. ಮನೆಯ ನಾಲ್ಕು ಸಾಮಾನು ಮೇಜಿನ ಮೇಲಿಡಿ, ಒಂದನ್ನೂ ಕದಲಿಸಬೇಡಿ, ಕಂಡದ್ದನ್ನು ಕಂಡ ಹಾಗೆ ಬರೆಯಿರಿ, ಮುಂದಿನ ಶನಿವಾರ ತನ್ನಿ. ಚೆನ್ನಾಗಿದ್ದದ್ದನ್ನು ಕೆಳಗಿನ ಓದುವ ಕೋಣೆಯ ಗೋಡೆಗೆ ಹಾಕೋಣ ಎಂದರು.

ಹಾಲು ಕಾಯಿಸುವ ಪಾತ್ರೆ, ಸೌಟು, ಗಾಜಿನ ಲೋಟ, ಒಂದು ಸೇಬು. ನನ್ನ ಸಾಮ್ರಾಜ್ಯ ಸಿದ್ಧವಾಯಿತು. ಪಾತ್ರೆಯದೇ ರಾಜಗಾಂಭೀರ್ಯ. ನಾನು ಎಷ್ಟೋ ಸಲ ಹಾಲು ಉಕ್ಕಿಸಿ ಸುಟ್ಟಿದ್ದರಿಂದ ಅದರ ಹೊಟ್ಟೆಯ ಮೇಲೆ ಅಪರಿಚಿತ ಖಂಡದ ನಕ್ಷೆಯಂಥ ಕಪ್ಪು ಕಲೆಯೊಂದು ಮೂಡಿತ್ತು. ಚೂಟಿ ಮಲಗುವ ಮುಕ್ಕಾಲು ಗಂಟೆಯಲ್ಲಿ ಆ ಖಂಡದ ಒಂದೊಂದೇ ಕೊಲ್ಲಿ, ಒಂದೊಂದೇ ದ್ವೀಪವನ್ನು ಪೆನ್ಸಿಲಿನಲ್ಲಿ ತೀಡತೊಡಗಿದೆ.

ಸ್ಥಿರಚಿತ್ರವೇನೋ ಸರಿ, ನಮ್ಮ ಮನೆಯಲ್ಲಿ ಸ್ಥಿರವಾಗಿರುವುದು ಗೋಡೆಗಳು ಮಾತ್ರ. ಮಂಗಳವಾರ ನಮ್ಮವರು ಸೇಬನ್ನು ಕಚ್ಚಿದರು. ಕೇಳಿದ್ದಕ್ಕೆ ನ್ಯಾಯಾಧೀಶರ ಹಾಗೆ ಉತ್ತರ ಕೊಟ್ಟರು.

"ಕಚ್ಚಿದ ಕಡೆ ಗೋಡೆಗೆ ತಿರುಗಿಸಿ ಇಟ್ಟಿದ್ದೀನಲ್ಲ. ನಿನಗೆ ಕಾಣಿಸೋದೇ ಇಲ್ಲ."

ಇನ್ನು ಸುಮ್ಮನಿದ್ದರೆ ಸೌಟೂ ಉಳಿಯುವುದಿಲ್ಲ ಎನಿಸಿತು. ಒಂದು ಚೀಟಿಯಲ್ಲಿ ದಪ್ಪಕ್ಷರದಲ್ಲಿ "ಇದು ಕಲೆ. ಮುಟ್ಟಬೇಡಿ" ಎಂದು ಬರೆದು, ಗಾಳಿಗೆ ಹಾರದಿರಲೆಂದು ಪಾತ್ರೆಗೇ ಅಂಟಿಸಿದೆ. ಅಂಟಿಸಿದ್ದು ಸರಿಯಾಗಿ ಆ ಕಪ್ಪು ಖಂಡದ ಕೆಳಗೆ.

ಗುರುವಾರ ಚೂಟಿಗೆ ಸ್ನಾನ ಮಾಡಿಸಿ ಬಂದು ನೋಡಿದರೆ, ಮೇಜಿನ ಮೇಲೆ ಪಾತ್ರೆ ಕನ್ನಡಿಯಂತೆ ಥಳಥಳಿಸುತ್ತಿದೆ! ಖಂಡ ಮುಳುಗಿಹೋಗಿದೆ. ಪಕ್ಕದಲ್ಲಿ ಅತ್ತೆ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತಿದ್ದಾರೆ.

"ನೋಡಮ್ಮ, ಕಲೆ ಇದ್ದರೆ ಬಾಯಲ್ಲಿ ಹೇಳು. ಚೀಟಿ ಅಂಟಿಸಿ ತೋರಿಸಬೇಕಾ? ನನಗೂ ಕಣ್ಣಿದೆ."

"ಅತ್ತೆ, ಅದು ಆ ಕಲೆ ಅಲ್ಲ. ಈ ಕಲೆ."

"ಯಾವ ಕಲೆಯಾದರೂ ನನ್ನ ಕೈಗೆ ಸಿಕ್ಕರೆ ಹೋಗುತ್ತೆ."

ನಮ್ಮವರ ಮುಖದ ಮುಂದಿದ್ದ ಪತ್ರಿಕೆ ಗಡಗಡ ನಡುಗುತ್ತಿತ್ತು. ನಾನು ಕುಳಿತು ಎಲ್ಲವನ್ನೂ ಬಿಡಿಸಿ ಹೇಳಿದೆ. ಪೂರ್ತಿ ಕೇಳಿದ ಮೇಲೆ ಅತ್ತೆಗೆ ಇನ್ನೂ ದೊಡ್ಡ ಆಘಾತವಾಯಿತು. ಸೀದ ಪಾತ್ರೆಯ ಚಿತ್ರವನ್ನು ಊರವರೆಲ್ಲ ಬಂದು ಹೋಗುವ ಜಾಗದಲ್ಲಿ ನೇತುಹಾಕುತ್ತಾರೆಯೇ? ಆ ಮನೆಯಲ್ಲಿ ಪಾತ್ರೆ ತಿಕ್ಕುವವರಿಲ್ಲವೇ ಎಂದು ಕೇಳಿದರೆ ಯಾರು ಉತ್ತರ ಕೊಡುವುದು? ಮನೆತನಕ್ಕೆ ಮಸಿ ಬಳಿಯಲು ನನಗೆ ಪೆನ್ಸಿಲೇ ಬೇಕಾಯಿತೇ?

ನಾನು ಜಗ್ಗಲಿಲ್ಲ. ಕಲೆ ಹೋದರೆ ಇನ್ನೊಂದು ಕಲೆ! ಶುಕ್ರವಾರ ಅದೇ ಪಾತ್ರೆಯಲ್ಲಿ ಹಾಲಿಟ್ಟು, ಉರಿ ದೊಡ್ಡದು ಮಾಡಿ, ಕೈಕಟ್ಟಿ ನಿಂತೆ. ನಾನು ಕತ್ತು ತಿರುಗಿಸಿದರೆ ಸಾಕು ಉಕ್ಕುತ್ತಿದ್ದ ಹಾಲು, ದಿಟ್ಟಿಸಿ ನೋಡುತ್ತಿದ್ದರೆ ಶಾಲೆಯ ಮೊದಲ ಬೆಂಚಿನ ಹುಡುಗಿಯಂತೆ ಸುಮ್ಮನೆ ಕೂತಿತ್ತು. ಅಷ್ಟರಲ್ಲಿ ಚೂಟಿ ಎದ್ದು ಅತ್ತಳು. ಎತ್ತಿಕೊಂಡು ಬರುವಷ್ಟರಲ್ಲಿ ಹಾಲು ಉಕ್ಕಿ, ಇಂಗಿ, ಸೀದು, ಅಡುಗೆಮನೆ ತುಂಬ ಹೊಗೆ! ಪಾತ್ರೆಗೆ ಖಂಡವಲ್ಲ, ಇಡೀ ಭೂಗೋಳ ಬಂದಿತ್ತು. ಮೇಲಿನ ಮನೆಯವರು ಬಕೆಟ್ ನೀರು ಹಿಡಿದು ಬಾಗಿಲಿಗೆ ಬಂದರು. ಅವರಿಗೆ ಸಮಾಧಾನ ಹೇಳಿ, ಕಿಟಕಿ ತೆರೆದು, ಮಗುವನ್ನು ಬಗಲಲ್ಲಿಟ್ಟುಕೊಂಡು ಕೋಣೆಗೆ ಬಂದರೆ, ಅತ್ತೆ ನನ್ನ ಕುರ್ಚಿಯಲ್ಲಿ ಕುಳಿತಿದ್ದಾರೆ. ಕೈಯಲ್ಲಿ ರಬ್ಬರ್. ಪಾತ್ರೆ ತಿಕ್ಕುವಂತೆಯೇ ಗುಂಡಗೆ, ಗುಂಡಗೆ, ನನ್ನ ಚಿತ್ರದ ಹೊಟ್ಟೆಯನ್ನು ಉಜ್ಜುತ್ತಿದ್ದಾರೆ.

"ಪಾತ್ರೆ ಸುಡೋದಕ್ಕಿಂತ ಚಿತ್ರ ತೊಳೆಯೋದು ಸುಲಭ ಅಲ್ವಾ?" ಎಂದರು, ಬಹಳ ಮೆತ್ತಗೆ. "ನಿನಗೆ ನಾಳೆಗೆ ಬೇಕು ಅಂದಿದ್ದೆಯಲ್ಲ, ಅದಕ್ಕೆ."

ಇನ್ನೊಂದು ಚಿತ್ರಕ್ಕೆ ಸಮಯವಿರಲಿಲ್ಲ. ಲೋಟಕ್ಕೆ ನೆರಳು ಹಾಕಿ, ಸೌಟಿನ ಬಾಲ ನೆಟ್ಟಗೆ ಮಾಡಿ, ಶನಿವಾರ ಸುರುಳಿ ಸುತ್ತಿಕೊಂಡು ಹೋದೆ.

ಮೇಷ್ಟ್ರು ನನ್ನ ಚಿತ್ರದ ಮುಂದೆ ನಿಂತರು. ಎರಡು ಹೆಜ್ಜೆ ಹಿಂದೆ ಸರಿದರು. ತಲೆ ವಾಲಿಸಿದರು.

"ಕಪ್ಪು ಬಳಿಯೋದು ಎಲ್ಲರಿಗೂ ಬರುತ್ತೆ. ಎಲ್ಲಿ ಎಷ್ಟು ಅಳಿಸಿದರೆ ಲೋಹ ಹೊಳೆಯುತ್ತೆ ಅಂತ ಕೈಗೆ ಗೊತ್ತಿರಬೇಕು. ಈ ಪಾತ್ರೆ ನೋಡಿ, ಬೆಳಕು ಹೇಗೆ ಜಾರುತ್ತಿದೆ. ಎಲ್ಲಿ ಕಲಿತಿರಿ?"

ಒಂದು ಮುಗುಳ್ನಗೆ ನಕ್ಕು ಸುಮ್ಮನಿದ್ದರೆ ಸಾಕಿತ್ತು. ನಕ್ಕೂ ಬಿಟ್ಟೆ. ಆದರೆ ಆ ರಬ್ಬರ್ ಹಿಡಿದ ಒರಟು ಕೈ ಕಣ್ಣ ಮುಂದೆಯೇ ಗುಂಡಗೆ ಸುತ್ತುತ್ತಿತ್ತು.

"ಪಾತ್ರೆ ನಮ್ಮತ್ತೆ ಮಾಡಿದ್ದು, ಸರ್."

"ಉಳಿದದ್ದು?"

"ನಾನು."

ಮೇಷ್ಟ್ರು ಸೌಟನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ, ಮುಂದಿನ ವಾರ ಅವರನ್ನು ಕರೆದುಕೊಂಡು ಬನ್ನಿ ಎಂದರು.

ಮನೆಗೆ ಬಂದು ಹೇಳಿದಾಗ ಅತ್ತೆ ನಂಬಲಿಲ್ಲ. ಚೂಟಿಗೆ ತುತ್ತು ಇಡುತ್ತಲೇ, ಮೇಷ್ಟ್ರು ನಿಜವಾಗಿ ಹಾಗೆಂದರೇ ಎಂದು ಮೂರು ಸಲ ಕೇಳಿದರು. ಇಬ್ಬರೂ ಒಟ್ಟಿಗೆ ಹೋಗೋಣ ಎಂದು ನಾನು ಹುರುಪಿನಿಂದ ಹೇಳಿದೆ.

"ಇಬ್ಬರೂ ಹೋದರೆ ಮಗು ಯಾರ ಹತ್ತಿರ ಇರುತ್ತೆ?"

ಶನಿವಾರ ಸಂಜೆ ನಮ್ಮವರಿಗೆ ಔಷಧದಂಗಡಿಯ ಕೆಲಸ. ನಾನು ಕಲಾವಿದೆಯಾಗುತ್ತಿದ್ದಾಗ ಮಗು ಯಾರ ಹತ್ತಿರ ಇತ್ತು ಎಂಬ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ತಲೆ ತಗ್ಗಿಸಿ, ಒಂದು ವಾರ ನೀವು, ಒಂದು ವಾರ ನಾನು ಹೋಗೋಣ ಅತ್ತೆ ಎಂದೆ.

ಅತ್ತೆ ಚೂಟಿಯ ಬಾಯಿ ಒರೆಸಿ, ಅವಳನ್ನು ಮೆಲ್ಲಗೆ ನನ್ನ ಮಡಿಲಿಗೆ ದಾಟಿಸಿದರು.

"ಮೊದಲನೇ ವಾರ ನಾನು. ಅವರು ಕರೆದಿರೋದು ನನ್ನನ್ನ ತಾನೇ?"